ಸ್ಲೇಟಿಗಿಂತ ಮೊದಲು ಹಿಟ್ಟಿನುಂಡೆ

ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದವರೆಲ್ಲ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಒಂದೊಂದು ವಯಸ್ಸಿಗೆ ಒಂದೊಂದು ಚಟುವಟಿಕೆ ಹೊಂದಿಸಲು ಹೊರಟರೆ ಟೀಚರ್ ಸುಸ್ತು. ಸಾಮಗ್ರಿ ಒಂದೇ ಇರಲಿ, ಕೆಲಸ ಬೇರೆಯಾಗಲಿ. ಇದಕ್ಕೆ ಆಟದ ಹಿಟ್ಟಿನಷ್ಟು ಒದಗಿಬರುವುದು ಇನ್ನೊಂದಿಲ್ಲ.

ಹತ್ತು ಹನ್ನೆರಡು ಮಕ್ಕಳಿಗೆ ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಎರಡು ದೊಡ್ಡ ಚಮಚ ಎಣ್ಣೆ, ಬಣ್ಣಕ್ಕೆ ಅರಿಶಿನ ಸಾಕು. ನೀರು ಮುಕ್ಕಾಲು ಲೋಟದಿಂದ ಶುರುಮಾಡಿ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ನಾದಿ. ಹಿಟ್ಟು ಬೇಗ ಕೆಡದಂತೆ ಕಾಯುವುದು ಉಪ್ಪೇ. ಮಳೆಗಾಲದಲ್ಲಿ ತೇವ ಎಳೆದು ಅಂಟಂಟಾಗಿಸುವುದೂ ಅದೇ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ, ಅಂಟಿದರೆ ಒಂದು ಹಿಡಿ ಒಣಹಿಟ್ಟು ಸೇರಿಸಿ, ವಾರ ಕಳೆದರೆ ಎಸೆಯಿರಿ. ಕೈಯಲ್ಲಿ ಗಾಯವಿದ್ದರೆ ಉರಿಯುತ್ತದೆ, ಆ ಮಗುವಿಗೆ ಉಪ್ಪಿಲ್ಲದ ಹಿಟ್ಟು ಕೊಡಿ. ಚಿಕ್ಕವರನ್ನು ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ. ಇಷ್ಟು ಉಪ್ಪು ಹೊಟ್ಟೆಗೆ ಹೋಗಬಾರದು. ಗೊಂಬೆಯ ಕಣ್ಣಿಗೆಂದು ಗುಲಗಂಜಿ, ಹರಳುಬೀಜ ಬೇಡವೇ ಬೇಡ, ಎರಡೂ ವಿಷ. ಹುಣಸೆಬೀಜವೂ ದೊಡ್ಡ ಮಕ್ಕಳಿಗೆ ಮಾತ್ರ, ಚಿಕ್ಕವರ ಕೈಗೆ ಸಿಕ್ಕರೆ ಮೂಗಿಗೇ ಹೋಗುತ್ತದೆ.

ಮೂರರ ಮಗು ಹಿಟ್ಟನ್ನು ತಟ್ಟಲಿ, ಹರಿಯಲಿ, ಉಂಡೆ ಕಟ್ಟಲಿ. ಹತ್ತು ನಿಮಿಷಕ್ಕೆ ಎದ್ದು ಹೋದರೆ ಹೋಗಲಿ ಬಿಡಿ. ನಾಲ್ಕರವರು ಹಾವು ಹೊಸೆದು, ಚಮಚದ ಹಿಡಿಯಿಂದ ತುಂಡರಿಸಿ ಎಣಿಸುತ್ತಾರೆ. ಐದರವರು ಅದೇ ಹಾವನ್ನು ಬಾಗಿಸಿ, ಮೇಲೊಂದು ತಲೆಕಟ್ಟು ಇಟ್ಟು ‘ರ’ ಮಾಡುತ್ತಾರೆ. ಆಮೇಲೆ ‘ಗ’. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ‘ರ ಗ ಸ ದ ಅ’ ಮೊದಲು ಬರುವುದು ಸುಮ್ಮನೆ ಅಲ್ಲ, ಒಂದರ ಆಕಾರದಿಂದ ಇನ್ನೊಂದು ಸುಲಭವಾಗಿ ಬರುತ್ತದೆ.

ಪೋಷಕರು ಮಾತ್ರ ಬರೆಸಿ ಎನ್ನುತ್ತಾರೆ. ಮೂರು ವರ್ಷಕ್ಕೆ ಮಣಿಕಟ್ಟಿನ ಎಲುಬುಗಳೇ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಮಕ್ಕಳು ನೋಡಿ ಬರೆಯುವುದು ಸುಮಾರಾಗಿ ಮೂರಕ್ಕೆ ವೃತ್ತ, ನಾಲ್ಕಕ್ಕೆ ಕೂಡು ಚಿಹ್ನೆ, ನಾಲ್ಕೂವರೆಗೆ ಚೌಕ, ಐದಕ್ಕೆ ತ್ರಿಕೋನ. ವೃತ್ತದ ತುದಿ ಕೂಡಿಸಲು ಬಾರದ ಕೈಯಿಂದ ‘ಅ’ ತಿದ್ದಿಸಿದರೆ ಪುಟ ತುಂಬುತ್ತದೆ, ಕಲಿಕೆ ಆಗುವುದಿಲ್ಲ.

ಇನ್ನೊಂದು ಎಡವಟ್ಟು, ಟೀಚರ್ ಚೆಂದದ ಗಣಪನನ್ನು ಮಾಡಿ ಎದುರಿಗಿಡುವುದು. ಆಮೇಲೆ ಎಲ್ಲರೂ ‘ನಂಗೂ ಮಾಡ್ಕೊಡಿ ಮಿಸ್’ ಎಂದು ಕೈಕಟ್ಟಿ ಕೂರುತ್ತಾರೆ. ಮಾದರಿ ಬೇಡ, ‘ಏನು ಮಾಡ್ತಿದ್ದೀಯ?’ ಎಂದು ಕೇಳಿ. ಚಿಕ್ಕವರು ಮಾಡಿ ಮುಗಿಸಿ, ನೋಡಿ, ಆಮೇಲೆ ಹೆಸರಿಡುತ್ತಾರೆ. ಬಸ್ ಮಾಡ್ತೀನಿ ಎಂದು ಮೊದಲೇ ಹೇಳಿ, ಚಕ್ರಕ್ಕೆ ಹಿಟ್ಟು ತೆಗೆದಿಡುವ ಮಗು ಯೋಚಿಸಿ ಮಾಡುತ್ತಿದೆ. ಅದಕ್ಕೆ ನಾಳೆ ಇನ್ನೂ ಕಷ್ಟದ್ದು ಕೊಡಬಹುದು.