ಭೂಮಿ ಹುಣ್ಣಿಮೆಗೆ ಬೇಲಿ ಉಳಿಸಿಕೊಳ್ಳಿ

ವಿಜಯದಶಮಿ ಕಳೆದು ಐದನೇ ದಿನಕ್ಕೆ ಭೂಮಿ ಹುಣ್ಣಿಮೆ. ಬಯಲುಸೀಮೆಯವರು ಸೀಗಿ ಹುಣ್ಣಿಮೆ ಅನ್ನುವುದೂ ಇದನ್ನೇ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆ ಆ ಹೊತ್ತಿಗೆ ಗದ್ದೆಯ ಭತ್ತ ಹೊಡೆ (ಇನ್ನೂ ಹೊರಬರದ ತೆನೆ) ತುಂಬಿಕೊಂಡಿರುತ್ತದೆ. ಭೂಮ್ತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು, ಮಡಿಲು ತುಂಬಬೇಕು ಎಂಬುದು ನಂಬಿಕೆ. ಅವತ್ತು ನೆಲಕ್ಕೆ ಗುದ್ದಲಿ, ನೇಗಿಲು ತಾಗಿಸುವುದಿಲ್ಲ. ಹಿಂದಿನ ರಾತ್ರಿಯಿಡೀ ಅಡುಗೆ, ಬೆಳಕು ಹರಿಯುವ ಮುಂಚೆ ದೊಂದಿ ಹಿಡಿದು ಗದ್ದೆಗೆ ಹೋಗಿ ಚರಗ (ಸೊಪ್ಪು, ತರಕಾರಿ ಬೇಯಿಸಿ ಅನ್ನ ಬೆರೆಸಿದ್ದು) ಬೀರುವುದು, ಆಮೇಲೆ ಪೈರಿಗೆ ಪೂಜೆ ಮಾಡಿ ಮನೆಯವರೆಲ್ಲ ಅಲ್ಲೇ ಕೂತು ಉಣ್ಣುವುದು. ಪೂಜೆಯ ಹೊತ್ತಿಗೆ ಮನೆಯ ಹೆಂಗಸರು ತಮ್ಮ ತಾಳಿಸರವನ್ನೇ ಭತ್ತದ ಬುಡಕ್ಕೆ ತೊಡಿಸುತ್ತಾರೆ. ನಮ್ಮ ಹಬ್ಬಗಳಲ್ಲಿ ಇಷ್ಟು ನೇರವಾಗಿ ಮಣ್ಣಿನ ಜೊತೆ ಮಾತಾಡುವ ಹಬ್ಬ ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ.

ಚರಗ ಬೀರುವಾಗ ಹೇಳುವ ಮಾತಿನಲ್ಲಿ ಬೇಲಿ ಮೇಲಿನ ಹೀರೆಕಾಯಿ ಬರುತ್ತದೆ, ಗುಡ್ಡದ ಮೇಲಿನ ನೂರೊಂದು ಕುಡಿ, ಅಂದರೆ ಎಳೆ ಚಿಗುರು, ಬರುತ್ತದೆ. ಈಗ ಆ ಕುಡಿ ಎಲ್ಲಿಂದ ತರುವುದು? ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಅದರ ಮೇಲೆ ನನಗೆ ದೊಡ್ಡ ತಕರಾರಿಲ್ಲ. ಕೂಲಿಗೆ ಜನ ಸಿಗದ ಕಾಲದಲ್ಲಿ ಭತ್ತ ಹಾಕಿ ನಷ್ಟ ಮಾಡಿಕೊಳ್ಳಿ ಎಂದು ಇನ್ನೊಬ್ಬರ ಮನೆಗೆ ಹೇಳುವ ಹಕ್ಕು ಯಾರಿಗೂ ಇಲ್ಲ, ತೋಟದಲ್ಲಿ ಅಡಿಕೆ ಮರದ ಬುಡಕ್ಕೇ ಪೂಜೆ ಮಾಡಿ ಚರಗ ಬೀರುವವರೂ ಬೇಕಾದಷ್ಟಿದ್ದಾರೆ. ತಕರಾರಿರುವುದು ಕಳೆನಾಶಕದ ಮೇಲೆ. ಗದ್ದೆ ಅಂಚಿಗೆ, ಬೇಲಿ ಬುಡಕ್ಕೆ, ಕಾಲುವೆ ದಂಡೆಗೆ ವರ್ಷಕ್ಕೆರಡು ಸಲ ಹುಲ್ಲಿನ ಔಷಧಿ ಹೊಡೆದ ಮನೆಗೆ ಹುಣ್ಣಿಮೆ ದಿನ ಹತ್ತು ಜಾತಿ ಸೊಪ್ಪೂ ಸಿಗುವುದಿಲ್ಲ. ಪೇಟೆಯಿಂದ ಪಾಲಕ್, ಮೆಂತ್ಯ ತಂದು ಬೇಯಿಸಿ ಬೀರಿದರೆ ಶಾಸ್ತ್ರ ಮುಗಿಯಬಹುದು. ಆದರೆ ಅವಳ ಮೈಮೇಲೆ ಹುಟ್ಟಿದ್ದನ್ನೇ ಅವಳಿಗೆ ಉಣ್ಣಿಸುವ ಹಬ್ಬ ಇದು, ಅದಕ್ಕೆ ಮೊದಲು ಅಲ್ಲಿ ಏನಾದರೂ ಹುಟ್ಟಲು ಬಿಡಬೇಕು.

ಗ್ಲೈಫೋಸೇಟ್ ಎಲೆಯಿಂದ ಬೇರಿಗಿಳಿದು ಗಿಡ ಕೊಲ್ಲುವ ಔಷಧಿ. ಹಾಗಾಗಿ ಹೊಡೆದ ಮೇಲೂ ನಾಲ್ಕೈದು ದಿನ, ಮೋಡ ಕವಿದಿದ್ದರೆ ವಾರಕ್ಕೂ ಹೆಚ್ಚು, ಗಿಡ ಹಸಿರಾಗಿಯೇ ಕಾಣುತ್ತದೆ. ಅಪಾಯ ಇರುವುದು ಇಲ್ಲೇ. ಪಕ್ಕದವರು ಹೊಡೆದದ್ದು ಗೊತ್ತಿಲ್ಲದೆ ಅದೇ ಅಂಚಿನ ಒಂದೆಲಗವನ್ನೋ ಹೊನಗೊನ್ನೆಯನ್ನೋ ಮಕ್ಕಳು ಚಿವುಟಿ ತರುತ್ತಾರೆ. ನಮ್ಮಲ್ಲಿ ಗ್ಲೈಫೋಸೇಟಿಗೆ ಅನುಮತಿ ಇರುವುದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ ಮಾತ್ರ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಕೀಟ ನಿಯಂತ್ರಣದ ಪರವಾನಗಿ ಇದ್ದವರಷ್ಟೇ ಅದನ್ನು ಬಳಸಬೇಕು ಎಂಬ ಆದೇಶವನ್ನೂ ಹೊರಡಿಸಿತು. ಆದರೂ ನಮ್ಮ ಗದ್ದೆ ಅಂಚುಗಳು ಆಗಸ್ಟಿನಲ್ಲೇ ಕೆಂಪಗೆ ಒಣಗಿ ನಿಂತಿರುವುದು ಎಲ್ಲರ ಕಣ್ಣಿಗೂ ಬೀಳುತ್ತಿದೆ.

ತೋಟದ ನೆಲದ ಸೊಪ್ಪಿನ ವಿಷಯದಲ್ಲೂ ಎಚ್ಚರ ಬೇಕು. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಗೊನೆಗೆ ಹೊಡೆದದ್ದರಲ್ಲಿ ಒಂದು ಪಾಲು ಕೆಳಗಿನ ಸೊಪ್ಪಿನ ಮೇಲೇ ಇಳಿಯುತ್ತದೆ, ತಿಳಿನೀಲಿ ಕಲೆ ನೋಡಿ ಗುರುತಿಸಬಹುದು. ಎಲೆಚುಕ್ಕೆ ರೋಗ ಬಂದ ಮೇಲೆ ಹೊಡೆಯುತ್ತಿರುವ ಬೇರೆ ಶಿಲೀಂಧ್ರನಾಶಕಗಳಿಗೆ ಆ ಕಲೆಯೂ ಇರುವುದಿಲ್ಲ, ತೊಳೆದರೆ ಪೂರ್ತಿ ಹೋಗುವುದೂ ಇಲ್ಲ. ಗದ್ದೆಯಲ್ಲಿ ಬೆಂಕಿ ರೋಗಕ್ಕೆ ಹೊಡೆಯುವುದೂ ಭತ್ತ ಹೊಡೆಯಾಗುವ ಹೊತ್ತಿಗೇ. ಆದ್ದರಿಂದ ಔಷಧಿ ಬಿದ್ದ ತೋಟ, ಗದ್ದೆಯ ಒಳಗಿನ ಸೊಪ್ಪನ್ನು ಬಿಟ್ಟುಬಿಡಿ. ಹಿತ್ತಲು, ಬೇಲಿ, ಬೆಟ್ಟದ ಅಂಚು ಸಾಕು.

ಬೇಲಿ ಉಳಿಸುವುದು ಕಷ್ಟದ ಕೆಲಸವಲ್ಲ. ಜಮೀನಿನ ಒಂದು ಬದಿಯನ್ನಾದರೂ, ಎರಡು ಮೂರು ಅಡಿ ಅಗಲಕ್ಕೆ, ಔಷಧಿ ಬೀಳದ ಹಾಗೆ ಬಿಡಿ. ಹಾಗೆಂದು ಪೂರ್ತಿ ಕಾಡು ಬೆಳೆಯಲು ಬಿಟ್ಟರೆ ಹುಣ್ಣಿಮೆ ಹೊತ್ತಿಗೆ ಸೊಪ್ಪೆಲ್ಲ ಬಲಿತು ನಾರಾಗಿರುತ್ತದೆ, ಚಗತೆಯಂತಹ ಮಳೆಗಾಲದ ಶುರುವಿನ ಸೊಪ್ಪು ಕಾಯಿ ಕಟ್ಟಿ ಮುಗಿದಿರುತ್ತದೆ. ಹುಣ್ಣಿಮೆಗೆ ನಾಲ್ಕೈದು ವಾರ ಇರುವಾಗ, ಅಂದರೆ ಚೌತಿ ಆದ ಹತ್ತು ಹದಿನೈದು ದಿನದೊಳಗೆ, ಕತ್ತಿಯಲ್ಲೋ ಕಳೆ ಹೊಡೆಯುವ ಮಿಷನ್ನಿನಲ್ಲೋ ಒಂದು ಸಲ ಸವರಿ. ನೆಲಕ್ಕೆ ತಾಗಿಸಿ ಬೋಳಿಸಬೇಡಿ, ನಾಲ್ಕು ಬೆರಳು ಬುಡ ಬಿಡಿ. ಮಿಷನ್ನಿಗೆ ಕಬ್ಬಿಣದ ಬ್ಲೇಡ್ ಹಾಕಿದರೆ ಕೊಡಸ, ನೆಕ್ಕರಿಕದ ಗಿಡ ಬುಡ ಸೀಳಿಕೊಂಡು ಚಿಗುರುವುದು ತಡವಾಗುತ್ತದೆ, ಅವನ್ನು ಕೈಗತ್ತಿಯಲ್ಲೇ ಕಡಿಯಿರಿ. ಹೀಗೆ ಸವರಿದ ಜಾಗದಲ್ಲಿ ಮಳೆ ಇಳಿಯುತ್ತಿದ್ದಂತೆ ಎಳೆ ಕುಡಿ ಒತ್ತಾಗಿ ಬರುತ್ತದೆ.

ಹೀರೆಯನ್ನು ಮಾತ್ರ ನಾವೇ ಹಾಕಬೇಕು. ಬೀಜ ಬಿತ್ತಿ 50ರಿಂದ 60 ದಿನಕ್ಕೆ ಕಾಯಿ ಸಿಗುತ್ತದೆ, ಹಾಗಾಗಿ ಜುಲೈ ಕೊನೆಯೊಳಗೆ ಗಿಡ ಏಳಬೇಕು. ಆಗ ಮಲೆನಾಡಿನಲ್ಲಿ ಮಳೆ ಹಿಡಿದಿರುತ್ತದೆ, ನೆಲಕ್ಕೆ ನೇರ ಊರಿದ ಬೀಜ ಕೊಳೆಯುತ್ತದೆ. ತೆಂಗಿನ ಚಿಪ್ಪಿಗೆ ತೂತು ಮಾಡಿ ಮಣ್ಣು, ಒಣಗೊಬ್ಬರ ತುಂಬಿ ಜಗುಲಿಯಲ್ಲಿ ಮೊಳಕೆ ಬರಿಸಿ, ಎರಡು ಎಲೆ ಬಿಟ್ಟ ಮೇಲೆ ಏರಿ ಮಾಡಿದ ದಿಬ್ಬದ ಮೇಲೆ ನೆಟ್ಟು ಬೇಲಿಗೆ ಹಬ್ಬಿಸಿದರೆ ಉಳಿದುಕೊಳ್ಳುತ್ತದೆ.

ಇನ್ನು ಕುಡಿ ಆರಿಸುವುದು. ನೂರೊಂದನ್ನು ಎಣಿಸಿಕೊಂಡು ಕೂರಬೇಕಿಲ್ಲ, ಇಪ್ಪತ್ತು ಮೂವತ್ತು ಬಗೆಯಾದರೆ ಒಳ್ಳೆಯ ಚರಗ. ಕುಂಬಳ, ಹಾಗಲ, ಸೌತೆ ಬಳ್ಳಿಯ ತುದಿ, ಪೇರಲೆ, ದಾಳಿಂಬೆ, ನೇರಳೆ ಚಿಗುರು, ಹರಿವೆ, ಬಸಳೆ, ನುಗ್ಗೆ, ಚಕ್ರಮುನಿ, ದೊಡ್ಡಪತ್ರೆ, ಒಂದೆಲಗ, ಹೊನಗೊನ್ನೆ, ಕೆಸು, ಕೊಡಸನ ಕುಡಿ ಹೀಗೆ ಹಿತ್ತಲು ಬೇಲಿ ಸುತ್ತಿದರೆ ಮಡಿಲು ತುಂಬುತ್ತದೆ. ಇದನ್ನು ಮಕ್ಕಳನ್ನು ಜೊತೆಗೆ ಕರೆದುಕೊಂಡೇ ಮಾಡಬೇಕು. ಅಜ್ಜಿಗೆ ಗೊತ್ತಿರುವ ಸೊಪ್ಪಿನಲ್ಲಿ ಅರ್ಧ ಅಮ್ಮನಿಗೆ ಗೊತ್ತು, ಅದರಲ್ಲಿ ಅರ್ಧವೂ ಮಗಳಿಗೆ ಗೊತ್ತಿಲ್ಲ, ಇದು ಎಲ್ಲ ಮನೆಯ ಕಥೆ. ಸೊಪ್ಪಿನ ಹೆಸರನ್ನು ಮೊಬೈಲಿನ ಫೋಟೋ ನೋಡಿ ಕಲಿಯುವುದು ಬೇಡ. ಬೇಡದ ಗಿಡಗಳನ್ನು ಮೊದಲು ತೋರಿಸಿಕೊಡಿ. ಬೇಲಿಯಲ್ಲಿ ಚೌತಿ ಹೊತ್ತಿಗೆ ಹೂ ಬಿಡುವ ಗೌರಿ ಹೂವಿನ ಬಳ್ಳಿ ಗಡ್ಡೆಯಿಂದ ಕುಡಿಯವರೆಗೆ ವಿಷ. ಉಮ್ಮತ್ತಿ, ಕಾಸರಕ, ಗುಲಗಂಜಿ, ಕಣಗಿಲೆ, ಎಕ್ಕ ಇವೂ ಬುಟ್ಟಿಗೆ ಬೀಳಬಾರದು. ಚರಗವನ್ನು ನೆಲಕ್ಕೆ ತಾನೆ ಬೀರುವುದು ಎಂದು ಉದಾಸೀನ ಮಾಡುವಂತಿಲ್ಲ, ಹಕ್ಕಿ, ದನ, ನಾಯಿ ಅದನ್ನು ಹೆಕ್ಕಿ ತಿನ್ನುತ್ತವೆ. ಇದೇ ಕಾರಣಕ್ಕೆ ಆ ವಾರ ಗದ್ದೆಯಲ್ಲಿ ಇಲಿ ಪಾಷಾಣವನ್ನೂ ಇಡಬಾರದು. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ ಇಡುವ ಹಬ್ಬದಲ್ಲಿ ಪಕ್ಕದಲ್ಲೇ ವಿಷದ ಉಂಡೆ ಇಟ್ಟರೆ ಆ ಎಡೆಗೆ ಅರ್ಥವಿಲ್ಲ.

ಚರಗಕ್ಕೆ ಒಂದು ಎಕರೆಗೆ ಒಂದು ಮೊರ ಸೊಪ್ಪು (ಒಂದೂವರೆ ಕೆಜಿ ಆದೀತು), ಎರಡು ಹೀರೆಕಾಯಿ, ಒಂದು ಹೋಳು ಕುಂಬಳ, ಎಂಟು ಹತ್ತು ಅಮಟೆಕಾಯಿ, ಅರ್ಧ ಸೇರು ಅಕ್ಕಿಯ ಮೆತ್ತಗಿನ ಅನ್ನ ಸಾಕು. ಗಟ್ಟಿ ತರಕಾರಿ, ಅಮಟೆಕಾಯಿ, ಕೆಸು ಮೊದಲು ಬೇಯಲಿ, ಎಳೆ ಕುಡಿ ಕೊನೆಯ ಹತ್ತು ನಿಮಿಷಕ್ಕೆ. ಕೆಸುವಿಗೆ ಹುಳಿ ಬೇಕೇ ಬೇಕು, ಅದರೊಳಗಿನ ಸೂಜಿಯಂತಹ ಹರಳು ಗಂಟಲು ಕೆರೆಯುತ್ತದೆ, ಅಮಟೆಯ ಹುಳಿಯಲ್ಲಿ ಅರ್ಧ ಗಂಟೆ ಬೆಂದರೆ ತೊಂದರೆಯಿಲ್ಲ. ನೀರು ಕಡಿಮೆ ಇರಲಿ. ಅನ್ನ ಬೆರೆಸಿದ ಮೇಲೆ ಹಿಡಿಯಲ್ಲಿ ಹಿಡಿದರೆ ಸೋರಬಾರದು, ಬೀರಿದರೆ ಮುದ್ದೆಯಾಗಿ ಒಂದೇ ಕಡೆ ಬೀಳಲೂ ಬಾರದು. ಪೂರ್ತಿ ಆರಿದ ಮೇಲೆಯೇ ಬಾಳೆಲೆ ಹಾಸಿದ ಬುಟ್ಟಿಗೆ ತುಂಬಿ. ಬಿಸಿ ತುಂಬಿದರೆ ಹಬೆಗೆ ಬುಟ್ಟಿಯ ಸಗಣಿ ಮೆತ್ತಿಗೆ ನೆನೆದು ಚಿತ್ತಾರ ಕಲಸಿಹೋಗುತ್ತದೆ.

ಬುಟ್ಟಿ ಎರಡು. ದೊಡ್ಡದು ಭೂಮಣ್ಣಿ ಬುಟ್ಟಿ, ಕಡುಬು ಮತ್ತು ಪೂಜೆಯ ಎಡೆಗೆ. ಚಿಕ್ಕದು ಚರಗಕ್ಕೆ, ಹಚ್ಚಂಬಲಿ ಬುಟ್ಟಿ. ಇವಕ್ಕೆ ಚಿತ್ತಾರ ಬರೆಯುವುದರಲ್ಲಿ ದೀವರ ಸಮುದಾಯದ ಹೆಂಗಸರ ಕೈ ದೊಡ್ಡದು. ಹಬ್ಬ ಎಲ್ಲ ಜಾತಿಯ ಒಕ್ಕಲು ಮನೆಗಳದ್ದಾದರೂ ಈ ಕಲೆ ಉಳಿದಿರುವುದು ಅವರಿಂದ ಎಂದು ಹೆಸರು ಹಿಡಿದೇ ಹೇಳಬೇಕು. ಬಿದಿರು ಬುಟ್ಟಿಗೆ ಜೇಡಿಮಣ್ಣು ಬೆರೆಸಿದ ಸಗಣಿಯನ್ನು ತೆಳ್ಳಗೆ ಎರಡು ಸಲ ಬಳಿದು ನೆರಳಲ್ಲಿ ಒಣಗಿಸಬೇಕು. ಒಂದೇ ಸಲ ದಪ್ಪ ಬಳಿದರೆ, ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಅದರ ಮೇಲೆ ಬಟ್ಟೆಯಲ್ಲಿ ಸೋಸಿದ ಕೆಮ್ಮಣ್ಣು. ಬಿಳಿಗೆರೆಗೆ ರಾತ್ರಿ ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿದ ಹಿಟ್ಟು, ತರಿ ಉಳಿದರೆ ಒಣಗಿದ ಮೇಲೆ ಉದುರುತ್ತದೆ. ಬರೆಯಲು ಪುಂಡಿ ನಾರಿನ ಕುಂಚ. ಕಪ್ಪಿಗೆ ಹುರಿದು ಕರಿದಾಗಿಸಿದ ಅಕ್ಕಿ, ಹಳದಿಗೆ ಗುರಿಗೆ ಬೀಜ. ಇದೆಲ್ಲ ಒಣಗಲು ದಿನ ಹಿಡಿಯುವುದರಿಂದ ವಿಜಯದಶಮಿ ಆದ ಕೂಡಲೇ ಬುಟ್ಟಿಗೆ ಕೈ ಹಾಕಬೇಕು. ಈಚೆಗೆ ಆಯಿಲ್ ಪೇಂಟಿನಲ್ಲಿ ಬರೆದ ಬುಟ್ಟಿಗಳು ಬರುತ್ತಿವೆ. ಗೋಡೆಗೆ ತೂಗುಹಾಕಲು ಇರಲಿ, ಎಡೆ ತುಂಬಿಸಲು ಬೇಡ.

ಅಡುಗೆಯಲ್ಲಿ ಕೈಕೊಡುವುದು ಸೌತೆಕಾಯಿ ಕಡುಬು. ಬಲಿತ ಊರ ಸೌತೆಯ ತೊಟ್ಟಿನ ಕಡೆಯ ಚೂರನ್ನು ಮೊದಲು ತಿಂದು ನೋಡಿ, ಕಹಿ ಇದ್ದರೆ ಆ ಕಾಯಿಯನ್ನೇ ಬಿಟ್ಟುಬಿಡಿ, ಬೆಲ್ಲ ಹಾಕಿದರೆ ಕಹಿ ಮುಚ್ಚುವುದಿಲ್ಲ. ತಿರುಳು ತೆಗೆದು ತುರಿದ ಸೌತೆ ನಾಲ್ಕು ಲೋಟಕ್ಕೆ ಅಕ್ಕಿ ತರಿ ಎರಡು ಲೋಟ, ಬೆಲ್ಲ ಒಂದೂವರೆ, ಕಾಯಿತುರಿ ಒಂದು ಲೋಟ, ನಾಲ್ಕು ಏಲಕ್ಕಿ, ಚಿಟಿಕೆ ಉಪ್ಪು. ಎಲ್ಲ ಒಟ್ಟಿಗೆ ಕಲಸಿ ಎಲೆಗೆ ಹಾಕಿದರೆ ಬೆಲ್ಲ, ಉಪ್ಪು ಸೇರಿ ಸೌತೆಯ ನೀರು ಬಿಡಿಸಿ ಕಡುಬು ಅಂಟಾಗುತ್ತದೆ. ಮೊದಲು ತುರಿ ಮತ್ತು ಬೆಲ್ಲವನ್ನು ಒಲೆಯ ಮೇಲಿಟ್ಟು ಕುದಿಸಿ, ಆಮೇಲೆ ಹುರಿದ ತರಿ ಸುರಿದು ತಳ ಬಿಡುವವರೆಗೆ ಮಗುಚಿ. ಬೇರೆ ನೀರು ಒಂದು ಹನಿಯೂ ಬೇಡ. ಬಾಡಿಸಿದ ಬಾಳೆಲೆಯಲ್ಲಿ ಮಡಿಸಿ ಮುಕ್ಕಾಲು ಗಂಟೆ ಹಬೆಯಲ್ಲಿಡಿ. ಅರಿಶಿನದ ಎಲೆ ಸಿಕ್ಕರೆ ಒಳಗೊಂದು ಹಾಸಿ. ಒಂದು ಕಡುಬನ್ನು ಗದ್ದೆಯಲ್ಲಿ ಹೂತಿಟ್ಟು ಕೊಯ್ಲಿನ ಹೊತ್ತಿಗೆ ತೆಗೆಯುವ ಪದ್ಧತಿ ಇರುವ ಮನೆಯವರು ಗುರುತಿಗೆ ಕೋಲು ನೆಡಲು ಮರೆಯಬೇಡಿ.

ಇಷ್ಟೂ ಅಡುಗೆ ರಾತ್ರಿ ನಿದ್ದೆಗೆಟ್ಟು ಮಾಡುವವರು ಮನೆಯ ಹೆಂಗಸರು, ಬೆಳಗಿನ ಜಾವ ಎದ್ದು ಬುಟ್ಟಿ ಹೊತ್ತು ಹೋಗುವವರು ಗಂಡಸರು. ಬಸುರಿಗೆ ಬಯಕೆ ಊಟ ಹಾಕುವ ರಾತ್ರಿಯಲ್ಲಿ ಮನೆಯ ತಾಯಂದಿರೇ ಸೊಂಟ ಹಿಡಿದುಕೊಂಡು ನಿಲ್ಲುವುದು ನನಗೆ ಸರಿ ಕಾಣುವುದಿಲ್ಲ. ಕಾಯಿ ತುರಿಯುವುದು, ಸೊಪ್ಪು ಸೋಸುವುದು, ಒಲೆ ನೋಡಿಕೊಳ್ಳುವುದು ಯಾರ ಕೈಗಾದರೂ ಬರುವ ಕೆಲಸ.

ಬೆಂಗಳೂರಿನಲ್ಲಿರುವ ಮಕ್ಕಳಿಗೆ ಒಂದು ಮಾತು. ವಾಲ್ಮೀಕಿ ಜಯಂತಿ ಇದೇ ಹುಣ್ಣಿಮೆಗೆ ಬೀಳುವುದರಿಂದ ಸರ್ಕಾರಿ ರಜೆ ಇರುತ್ತದೆ, ಖಾಸಗಿ ಕಂಪನಿಗಳಲ್ಲಿ ಕೇಳಿ ಪಡೆಯಬೇಕು. ಆದರೆ ರಜೆಯ ದಿನ ಬೆಳಗ್ಗೆ ಬಂದಿಳಿದರೆ ಪ್ರಯೋಜನವಿಲ್ಲ. ರಾತ್ರಿ ರೈಲು ಸಾಗರ ದಾಟಿ ತಾಳಗುಪ್ಪ ಮುಟ್ಟುವಷ್ಟರಲ್ಲಿ ಚರಗ ಬೀರಿ ಮುಗಿದಿರುತ್ತದೆ. ಹಿಂದಿನ ದಿನ ಮಧ್ಯಾಹ್ನದೊಳಗೆ ಊರಲ್ಲಿರಬೇಕು, ಕುಡಿ ಕೊಯ್ಯುವುದು ಅವತ್ತಿನ ಸಂಜೆಯೇ. ಹಳ್ಳದ ಬದಿಯಲ್ಲಿ ಆಗ ಇನ್ನೂ ಇಂಬಳ (ಜಿಗಣೆ) ಇರುತ್ತದೆ, ಕಾಲಿಗೆ ಸುಣ್ಣ ಹೊಗೆಸೊಪ್ಪು ಹಚ್ಚಿಕೊಳ್ಳಿ.

ತಿಥಿ ವರ್ಷ ವರ್ಷ ಹಿಂದೆ ಮುಂದೆ ಆಗುತ್ತದೆ, ಬೇಲಿ ಸವರುವ ಲೆಕ್ಕವನ್ನೂ ಅದರ ಜೊತೆ ಸರಿಸಬೇಕು. 2024ರಲ್ಲಿ ಹುಣ್ಣಿಮೆ ಅಕ್ಟೋಬರ್ 17ಕ್ಕಿತ್ತು, 2025ರಲ್ಲಿ 7ಕ್ಕೆ. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಅಕ್ಟೋಬರ್ 26ಕ್ಕೆ ಹೋಗುತ್ತದೆ. ಬೇಗ ನೆಟ್ಟ ಗದ್ದೆಗಳಲ್ಲಿ ಅಷ್ಟು ಹೊತ್ತಿಗೆ ತೆನೆ ಹೊರಬಂದು ಹಾಲುಗಾಳು ಕಟ್ಟಿರುತ್ತದೆ. ಆ ವರ್ಷ ಬೇಲಿಯನ್ನು ಸೆಪ್ಟೆಂಬರ್ 20ರ ಆಚೆಗೆ ಸವರಿ, ಹೀರೆ ಬೀಜವನ್ನು ಆಗಸ್ಟ್ ಮೊದಲ ವಾರದಲ್ಲಿ ಚಿಪ್ಪಿಗೆ ಹಾಕಿ.