ಎಂಟು ಸೆಕೆಂಡಿನ ಸ್ಕೋಪ್ ಶಾಟ್

ಗೆಳೆಯನ ಕಿರುಚಿತ್ರಕ್ಕ ಬಂದೂಕಿನ ಸ್ಕೋಪಿನಾಗ ನೋಡಿದಂಥ ಎಂಟು ಸೆಕೆಂಡಿನ ಶಾಟ್ ಬೇಕಿತ್ತು. ವಿಜಯಪುರದ ಉಪ್ಪಲಿ ಬುರುಜಿನ ಮ್ಯಾಲಿಂದ ಕೆಳಗಿನ ರಸ್ತೆ ಝೂಮ್ ಮಾಡಿ ತಗೊಂಡಿದ್ವಿ. ಕಂಪ್ಯೂಟರಿನಾಗ ಎಡಿಟ್ ಮಾಡಾಕ ಕುಂತೆ: ಮ್ಯಾಲೆ ಒಂದು ಕರಿ ಲೇಯರ್ (ಪದರು), ನಡುವ ದೃಶ್ಯ ಕಾಣಾಕ ದುಂಡನ ಮಾಸ್ಕ್ (ತೂತು), ಅಡ್ಡ-ಉದ್ದ ಎರಡು ಗೆರಿ. ಐದು ನಿಮಿಷದಾಗ ಮುಗೀತು ಅಂದ್ಕೊಂಡೆ. ಹಿಂದಿಂದ ಇಣುಕಿದ ಅವ್ವ, "ಇದೇನೋ, ಬಾಗಲ ತೂತಿನಾಗ ನೋಡಿದಂಗ ಐತಲ್ಲ!" ಅಂದ್ಲು.

ಖರೇನ ಹಂಗ ಇತ್ತು. ಮಾಸ್ಕಿನ ಅಂಚು ಮಸುಕಾಗಲಿ ಅಂತ ಫೆದರ್ ಕೊಟ್ಟೆ. ಗಾಜು ಬಣ್ಣ ಒಡದಂಗ ಕಾಣಲಿ ಅಂತ ಅಂಚಿನ್ಯಾಗ ಕೆಂಪು-ನೀಲಿ ಒಂದೆರಡು ಪಿಕ್ಸೆಲ್ ಸರಿಸಿದೆ. ಆದ್ರೂ ಜೀವ ಇಲ್ಲ. ರಾತ್ರಿ ಎರಡಕ್ಕ ಹೊಳೀತು: ನಾ ಗೆರಿ ಅಲುಗಾಡಿಸಾಕತ್ತಿದ್ದೆ. ಗೆರಿ ನಡುವ ಗಟ್ಟಿ ನಿಲ್ಲಬೇಕು, ಹಿಂದಿನ ದೃಶ್ಯ ತೇಲಬೇಕು. ನನ್ನ ಉಸಿರು ನಾನ ಎಣಿಸಿ, ಏರಿದಲ್ಲಿ ಇಳಿದಲ್ಲಿ ಕೀಫ್ರೇಮ್ ಇಟ್ಟೆ, ಅಂದ್ರ ಆ ಕ್ಷಣಕ್ಕ ದೃಶ್ಯ ಎಲ್ಲಿರಬೇಕು ಅನ್ನೋ ಗುರುತು. ಕಣ್ಣು ಸರಿದಾಗ ಒಂದು ಬದಿಯಿಂದ ನುಗ್ಗೋ ಅರ್ಧಚಂದ್ರದಂಥ ಕರಿ ನೆರಳನ್ನೂ ಸೇರಿಸಿದೆ.

1584ರ ಬುರುಜದು. ಮ್ಯಾಲೆ ಬಿದ್ದಿರೋ ಉದ್ದನ ತೋಪುಗಳಿಗೆ ಎಲ್ಲಿಯ ಸ್ಕೋಪು, ಬರಿಗಣ್ಣೇ ಗತಿ.

ಪ್ಲೇ ಒತ್ತಿದೆ. ಗೆರಿಗಳು ಕೂಡೋ ಜಾಗದಾಗ ಯಾರೋ ಒಬ್ಬ ಮುದುಕಪ್ಪ, ಬಸಿಯಾಗ ಚಾ ಸುರಕೊಂಡು ಊದಾಕತ್ತಿದ್ದ. ಯಾಕೋ ಕೈ ತಾನ ಸ್ಪೇಸ್‌ಬಾರ್ ಒತ್ತಿ ನಿಲ್ಲಿಸಿಬಿಡ್ತು.