ಕಾಫಿ ಬೊಡ್ಡೆಯ ತಂಪು ಕನ್ನಡಕ: ಮಳೆಗಾಲದವರೆಗಿನ ಕೆಲಸ

ಮೊದಲ ಜೋಡಿ ಈಗ ಮೂಗಿನ ಮೇಲೆ ನಿಲ್ಲುತ್ತದೆ. ಮುಂಭಾಗ ಅಚ್ಚಿನಿಂದ ಹೊರಬಂದು ಕೊರೆದು ಮುಗಿದಿದೆ, ಎರಡೂ ಕಡ್ಡಿಗಳಿಗೆ ಕೀಲು ಕೂತಿದೆ, ಮಸೂರವೂ ಬಂದಿದೆ. ಮರಕ್ಕೆ ಬಳಿಯುವ ಕೊನೆಯ ಲೇಪ ಮಾತ್ರ ತೀರ್ಮಾನವಾಗಿಲ್ಲ. ಪೂರ್ತಿ ಕೈಕೆಲಸದ, ಐಷಾರಾಮಿ ಎಂದು ಸಂಕೋಚವಿಲ್ಲದೆ ಕರೆಯಬಹುದಾದ ಒಂದು ತಂಪು ಕನ್ನಡಕ ಚಿಕ್ಕಮಗಳೂರಿನಲ್ಲೇ ತಯಾರಾಗಬೇಕು ಎಂಬ ಹಟದಿಂದ ಹೊರಟವನು ನಾನು. ಮಾರ್ಚ್‌ನಿಂದ ಇಲ್ಲಿಯವರೆಗೆ ಆದದ್ದು ಇಷ್ಟು.

ಮಾರ್ಚ್: ಯಾವ ಮರ?

ದುಬಾರಿ ಕನ್ನಡಕಕ್ಕೆ ದುಬಾರಿ ವಸ್ತುವೇ ಬೇಕು ಎಂದು ಕೇಳಿದವರೆಲ್ಲ ಹೇಳಿದರು. ಮೊದಲು ಬಂದ ಸಲಹೆ ಬೀಟೆ. ನಮ್ಮ ಕಡೆ ಬೀಟೆಗಿರುವ ಮರ್ಯಾದೆ ಬೇರೆ ಮರಕ್ಕಿಲ್ಲ, ಅದರ ಕಪ್ಪು ಗೆರೆಗಳನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಆದರೆ ಅಳಿವಿನ ಅಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿ 2017ರಿಂದ ಬೀಟೆಯೂ ಇದೆ. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಹಳೆಯ ಬಾಗಿಲು, ಮಂಚಗಳ ತುಂಡು ಸಿಗುತ್ತದೆ ಎಂದವರಿದ್ದಾರೆ. ಸಿಗಬಹುದು, ಆದರೆ ವಸ್ತು ಅಪರೂಪ ಎಂಬ ಒಂದೇ ಕಾರಣಕ್ಕೆ ಕನ್ನಡಕಕ್ಕೆ ಬೆಲೆ ಬಂದರೆ ನನ್ನ ಕೈಗೆ ಅದರಲ್ಲಿ ಕೆಲಸವೇನು?

ಈ ದಾರಿಯ ಕೊನೆ ಎಲ್ಲಿದೆ ಎಂಬುದಕ್ಕೆ ಆಮೆಚಿಪ್ಪಿನ ಕಥೆ ಸಾಕು. ಹಾಕ್ಸ್‌ಬಿಲ್ ಎಂಬ ಕಡಲಾಮೆಯ ಚಿಪ್ಪು ಒಂದು ಕಾಲದಲ್ಲಿ ಕನ್ನಡಕದ ಲೋಕದ ಅತಿ ಶ್ರೀಮಂತ ವಸ್ತುವಾಗಿತ್ತು. 1977ರಲ್ಲಿ ಸೈಟ್ಸ್ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಹಾಕುವ ಹೊತ್ತಿಗೆ ಆಮೆಗಳೇ ಅಪರೂಪವಾಗಿದ್ದವು. ಇಂದು ಅಂಗಡಿಯಲ್ಲಿ ಕಾಣುವ ಕಂದು ಹಳದಿ ಮಚ್ಚೆಯ ಫ್ರೇಮುಗಳು ಆ ಚಿಪ್ಪಿನ ಅನುಕರಣೆ. ಬಹುಪಾಲು ಸೆಲ್ಯುಲೋಸ್ ಅಸಿಟೇಟ್, ಅಂದರೆ ಹತ್ತಿ ಮತ್ತು ಮರದ ತಿರುಳಿನಿಂದ ಬಂದ ಪ್ಲಾಸ್ಟಿಕ್. ಹೆಸರಾಂತ ಬ್ರ್ಯಾಂಡುಗಳು ಬಳಸುವುದೂ ಅದನ್ನೇ. ಒಳ್ಳೆಯ ವಸ್ತು, ತಕರಾರಿಲ್ಲ, ಆದರೆ ಇಲ್ಲಿಯದಲ್ಲ. ಕೋಣನ ಕೊಂಬನ್ನೂ ಯೋಚಿಸಿದ್ದೆ. ಅದನ್ನು ಅರದಲ್ಲಿ ಉಜ್ಜುವಾಗ ಏಳುವ ವಾಸನೆಗೆ ಮನೆಯಲ್ಲಿ ಅನುಮತಿ ಸಿಗಲಿಲ್ಲ.

ಉತ್ತರ ಸಿಕ್ಕಿದ್ದು ಆಲ್ದೂರಿನ ಚಿಕ್ಕಪ್ಪನ ತೋಟದಲ್ಲಿ, ಸೌದೆ ರಾಶಿಯ ಪಕ್ಕ. ಅರೇಬಿಕಾ ಕಾಫಿ ಬೆಳೆಯುವವರಿಗೆ ಬೋರರ್, ಅಂದರೆ ಬಿಳಿ ಕಾಂಡಕೊರಕ ದುಂಬಿ, ಹೊಸ ಮಾತಲ್ಲ. ಅದು ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತ ಹೋಗುತ್ತದೆ, ಎಲೆ ಹಳದಿಯಾಗಿ ಕಾಂಡದ ಮೇಲೆ ಏಣು ಎದ್ದಾಗ ಗಿಡ ಕೈಬಿಟ್ಟಿತೆಂದೇ ಲೆಕ್ಕ. ಏಪ್ರಿಲ್‌ನಲ್ಲಿ ದುಂಬಿಗಳು ಹಾರಲು ಶುರುಮಾಡುವ ಮೊದಲೇ ಅಂಥ ಗಿಡಗಳನ್ನು ಹುಡುಕಿ ಕಿತ್ತು ಸುಡಬೇಕು. ಹಾಗೆ ಕಿತ್ತಿದ್ದ ಬೊಡ್ಡೆಗಳಲ್ಲಿ ದಪ್ಪನೆಯ ಕೆಲವನ್ನು ಕೇಳಿದೆ.

“ಒಲೆಗೆ ಹೋಗುವುದನ್ನು ಮೂಗಿನ ಮೇಲೆ ಏರಿಸುತ್ತೀಯೇನೋ?” ಎಂದರು ಚಿಕ್ಕಪ್ಪ. ಕೊಟ್ಟರು, ಆದರೆ ಒಂದು ಷರತ್ತು ಹಾಕಿದರು: ಒಳಗಿನ ಹುಳು ಸಾಯುವವರೆಗೆ ಬೊಡ್ಡೆ ನೀರಿನ ತೊಟ್ಟಿಯಲ್ಲೇ ಮುಳುಗಿರಬೇಕು. ಸರಿಯಾದ ಷರತ್ತು. ಕನ್ನಡಕದ ಆಸೆಗೆ ಪಕ್ಕದ ತೋಟಕ್ಕೆ ಬೋರರ್ ಹಂಚುವುದು ಯಾವ ಕುಶಲಕಲೆ?

ಕಾಫಿ ಮರ ಬಿಳಿಚು ಹಳದಿ, ಒತ್ತಾದ ಎಳೆ, ಗಟ್ಟಿ. ಬೊಡ್ಡೆಯನ್ನು ಸೀಳಿದಾಗ ಹುಳದ ಸುರಂಗ ಅಂಕುಡೊಂಕಾಗಿ, ಕೊರೆದ ಪುಡಿ ಗಿಡಿದುಕೊಂಡು, ಗಾಢ ಕಂದು ಗೆರೆಯಾಗಿ ಕಂಡಿತು. ಕನ್ನಡಕದ ಮುಖದ ಮೇಲೆ ಬರಬೇಕಾದ ವಿನ್ಯಾಸ ಇದೇ ಎಂದು ಅಲ್ಲೇ ನಿರ್ಧರಿಸಿದೆ. ಈ ಹುಳುವಿಗೆ ನೆರಳು ಆಗದು, ಬಿಸಿಲು ಬೀಳುವ ಗಿಡಗಳನ್ನೇ ಅದು ಹೆಚ್ಚು ಹುಡುಕುತ್ತದೆ. ಬಿಸಿಲು ಹೆಚ್ಚಾಗಿ ಸತ್ತ ಗಿಡ ಬಿಸಿಲು ತಡೆಯುವ ಕೆಲಸಕ್ಕೆ ಬಂದಿತು ಎನ್ನಬಹುದೇನೋ.

ಏಪ್ರಿಲ್: ಪದರ, ಬಾಗು, ಕೊರೆತ

ಒಂದೇ ಹಲಗೆಯಿಂದ ಕೊರೆದ ಮರದ ಫ್ರೇಮು ಬಾಳುವುದಿಲ್ಲ. ಎಳೆ ಅಡ್ಡಕ್ಕೆ ಓಡಿದರೆ ಮಸೂರದ ಪಕ್ಕದ ಕಿರಿದಾದ ಭಾಗ ಸೀಳುತ್ತದೆ, ಉದ್ದಕ್ಕೆ ಓಡಿದರೆ ಮೂಗಿನ ಮೇಲಿನ ಬ್ರಿಡ್ಜ್ ತುಂಡಾಗುತ್ತದೆ. ಅದಕ್ಕಾಗಿ ಐದು ತೆಳು ಹಾಳೆ, ಒಂದೊಂದೂ ಸುಮಾರು 0.8 ಮಿಲಿಮೀಟರ್. ಒಂದು, ಮೂರು, ಐದನೆಯದು ಕಾಫಿ. ಎರಡು ಮತ್ತು ನಾಲ್ಕನೆಯದು ಎಳೆಯನ್ನು ಅಡ್ಡ ತಿರುಗಿಸಿದ ಸಿಲ್ವರ್ ಓಕ್. ಆ ಮರವೂ ನಮ್ಮ ತೋಟದ ನೆರಳಿನದೇ. ಅಂಚಿಗೆ ಪಾಲಿಶ್ ಬಿದ್ದ ಮೇಲೆ ಐದೂ ಪದರ ತೆಳು ಗೆರೆಗಳಾಗಿ ಕಾಣುತ್ತವೆ. ಅವನ್ನು ಬಣ್ಣ ಹಚ್ಚಿ ಮುಚ್ಚಿಡುವ ಯೋಚನೆ ನನಗಿಲ್ಲ.

ಬಾಗಿನ ಲೆಕ್ಕ ಮಸೂರದಿಂದ ಶುರುವಾಗಬೇಕು. ಮಸೂರದ ಬಾಗನ್ನು ಹೇಳುವ ಅಳತೆಗೆ ಬೇಸ್ ಎನ್ನುತ್ತಾರೆ. ತಂಪು ಕನ್ನಡಕದಲ್ಲಿ ಸಾಮಾನ್ಯವಾದ 6 ಬೇಸ್ ಮಸೂರದ ಮೈ ಸುಮಾರು 88 ಮಿಲಿಮೀಟರ್ ತ್ರಿಜ್ಯದ ಗೋಳದ ತುಂಡು. 4 ಬೇಸ್ ಇನ್ನೂ ಚಪ್ಪಟೆ, ತ್ರಿಜ್ಯ 132ರ ಆಸುಪಾಸು. ಮರಕ್ಕೆ ಕಡಿಮೆ ಬಾಗು ಹಿತ, ಆದ್ದರಿಂದ 4 ಬೇಸ್ ಆರಿಸಿದೆ. ಹಲಸಿನ ಮರದಲ್ಲಿ ಗಂಡು ಹೆಣ್ಣು ಅಚ್ಚು ಕೆತ್ತಿ, ಹಾಳೆಗಳಿಗೆ ಎಪಾಕ್ಸಿ ಅಂಟು ಸವರಿ, ನಡುವೆ ಇಟ್ಟು ಕ್ಲಾಂಪ್ ಬಿಗಿದು ರಾತ್ರಿಯೆಲ್ಲ ಬಿಡುವುದು. ಬಿಚ್ಚಿದಾಗ ಬಾಗು ಕೊಂಚ ಸಡಿಲುತ್ತದೆ. ಅಷ್ಟನ್ನು ಮುಂಚೆಯೇ ಅಚ್ಚಿನಲ್ಲಿ ಹೆಚ್ಚಿಗೆ ಇಟ್ಟಿರಬೇಕು.

ಸುರಂಗದ ಗೆರೆಯಿರುವ ಹಾಳೆ ಹೊರಮುಖಕ್ಕೆ ಮಾತ್ರ. ಪುಡಿಯನ್ನು ಸೂಜಿಯಿಂದ ಕೆದಕಿ ತೆಗೆದು, ಆ ಜಾಗಕ್ಕೆ ಎಪಾಕ್ಸಿಯಲ್ಲಿ ಕಲಸಿದ ಹಿತ್ತಾಳೆ ಪುಡಿ ತುಂಬಿದೆ. ಉಜ್ಜಿದ ಮೇಲೆ ಎಡಗಣ್ಣಿನ ಮೇಲಿನಿಂದ ಬ್ರಿಡ್ಜ್‌ವರೆಗೆ ಮಂದ ಚಿನ್ನದ ಬಣ್ಣದ ಗೆರೆಯೊಂದು ಓಡುತ್ತದೆ. ಬಲಗಡೆ ಏನೂ ಇಲ್ಲ. ಇಂಥದ್ದನ್ನು ಕಾಗದದ ಮೇಲೆ ಕುಳಿತು ಬರೆಯಲು ನನ್ನಿಂದ ಆಗುತ್ತಿರಲಿಲ್ಲ.

ಆದರೆ ಆಕಾರದಲ್ಲಿ ಎಡಬಲ ಒಂದೇ ಇರಬೇಕು. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ನೋಡುವವರ ಕಣ್ಣು ಹಿಡಿಯುತ್ತದೆ, ಏನು ತಪ್ಪೆಂದು ಹೇಳಲು ಬಾರದಿದ್ದರೂ. ಅರ್ಧ ಕನ್ನಡಕವನ್ನಷ್ಟೇ ಬರೆದು, ಕಾಗದ ಮಡಚಿ ಕತ್ತರಿಸಿ ಮರಕ್ಕೆ ಅಂಟಿಸಿದೆ. ಮೊದಲು ಮಸೂರದ ಕಿಂಡಿ, ಆಮೇಲೆ ಹೊರ ಅಂಚು, ಅಕ್ಕಸಾಲಿಗರ ತೆಳು ಅಲಗಿನ ಗರಗಸದಲ್ಲಿ. ಮಸೂರ ಕೂರುವ ಒಳಗಾಡಿ ಎಲ್ಲಕ್ಕಿಂತ ತ್ರಾಸದ ಕೆಲಸ. ಅಸಿಟೇಟ್ ಆದರೆ ಬಿಸಿ ಮಾಡಿ ಹಿಗ್ಗಿಸಿ ಮಸೂರ ಒತ್ತಿಬಿಡಬಹುದು, ಮರ ಹಾಗೆ ಹಿಗ್ಗುವುದಿಲ್ಲ. ಹೀಗಾಗಿ ಪ್ರತಿ ಸುತ್ತನ್ನೂ ಕಿವಿಯ ಕಡೆಯ ಅಂಚಿನಲ್ಲಿ ಸೀಳಿ, ಮಸೂರ ಕೂರಿಸಿದ ಮೇಲೆ ತಿರುಪಿನಿಂದ ಬಿಗಿಯುವಂತೆ ಮಾಡಿದ್ದೇನೆ. ಕೀಲಿನ ಲೋಹದ ತುಂಡೇ ಆ ಸೀಳನ್ನು ಮುಚ್ಚುತ್ತದೆ.

ಮೇ: ಕೀಲು

ಆ ಲೋಹದ ತುಂಡು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಮಾರ್ಕೆಟ್ ರಸ್ತೆಯ ಹತ್ತಿರ ಓಣಿಯಲ್ಲಿ ಕೂರುವ ಹಿರಿಯ ಅಕ್ಕಸಾಲಿಗರೊಬ್ಬರ ಬಳಿ ಚಿತ್ರ ಹಿಡಿದು ಹೋದೆ. ಐದು ಹಲ್ಲಿನ ಕೀಲು, 1.4 ಮಿಲಿಮೀಟರ್ ತಿರುಪು. ಚಿತ್ರವನ್ನು ಅವರು ತಲೆಕೆಳಗಾಗಿ ಹಿಡಿದೇ ನೋಡಿದರು.

“ಇಷ್ಟು ಸಣ್ಣ ತಿರುಪು ಕೊರೆಯಲು ಆಗುತ್ತದೆಯೇ ಆಚಾರರೇ?”

“ಓಲೆಗೆ, ಮೂಗುತಿಗೆ ತಿರುಪು ಹಾಕುವುದು ಯಾರಪ್ಪ ಮತ್ತೆ? ನಿನ್ನ ಮರ ತಡೆದುಕೊಳ್ಳುತ್ತದೋ ಇಲ್ಲವೋ, ಅದನ್ನು ಹೇಳು.”

ಹಿತ್ತಾಳೆ ಬೇಡ, ಬೆವರು ತಾಗಿದರೆ ಹಸಿರು ಕಿಲುಬು ಬರುತ್ತದೆ ಎಂದರು. ನಿಕ್ಕಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಅದೂ ಬೇಡವಾಯಿತು. ಕೊನೆಗೆ 92.5 ಶುದ್ಧತೆಯ ಬೆಳ್ಳಿ. ಮೆತ್ತಗಾದೀತು ಎಂಬ ನನ್ನ ಅನುಮಾನಕ್ಕೆ ಅವರು ಪಟ್ಟಿಯನ್ನು ಚೆನ್ನಾಗಿ ಬಡಿದು ಗಡುಸು ಮಾಡಿದರು, ತಿರುಪನ್ನು ಮಾತ್ರ ಉಕ್ಕಿನದಾಗಿ ಇಟ್ಟುಕೊಂಡೆವು. ಸುರಂಗಕ್ಕೆ ತುಂಬಿದ ಹಿತ್ತಾಳೆ ಪುಡಿಯೂ ಅವರ ಮಣೆಯದೇ. ಅದು ಅಂಟಿನೊಳಗೆ ಮುಚ್ಚಿರುವುದರಿಂದ ಕಿಲುಬಿನ ಭಯವಿಲ್ಲ. ಕಡ್ಡಿ ಈಗ ಅಲುಗದೆ, ಅರ್ಧ ದಾರಿಯಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆ. ಸಾವಿರಾರು ರೂಪಾಯಿಯ ಫ್ರೇಮುಗಳಲ್ಲೂ ನಾನು ಮೊದಲು ನೋಡುವುದು ಇದನ್ನೇ.

ಹೆಸರು ಎಲ್ಲಿ ಹಾಕುತ್ತೀಯ ಎಂದೂ ಅವರು ಕೇಳಿದರು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ, ಅಂದರೆ 1117ರಷ್ಟು ಹಿಂದೆಯೇ, ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕೆತ್ತಿದ ಶಿಲ್ಪಗಳಲ್ಲಿ ಹೆಸರು ಬರೆದಿಟ್ಟಿದ್ದಾರೆ. ಈ ಸೀಮೆಯಲ್ಲಿ ಕೆಲಸಗಾರನ ಹೆಸರಿಗೆ ನಾಚಿಕೆಯಿಲ್ಲ. ಎಡಗಡ್ಡಿಯ ಒಳಮೈಯಲ್ಲಿ ಆಚಾರರ ಗುರುತು, ಬಲಗಡ್ಡಿಯಲ್ಲಿ ನನ್ನದು. ಹೊರಗಡೆ ಏನೂ ಇಲ್ಲ.

ಜೂನ್: ಮಸೂರ ಮತ್ತು ಮಳೆ

ಮಸೂರ ಎಷ್ಟು ಕಪ್ಪಗಿದ್ದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಅಪಾಯದ್ದು. ನೇರಳಾತೀತ ಕಿರಣ ತಡೆಯದ ಕಪ್ಪು ಮಸೂರದ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ, ಕಿರಣ ಇನ್ನಷ್ಟು ಒಳಗೆ ಹೋಗುತ್ತದೆ. ಬೇಕಾದದ್ದು ಯುವಿ 400, ಅಂದರೆ 400 ನ್ಯಾನೋಮೀಟರ್‌ವರೆಗಿನ ತಡೆ. ಬಣ್ಣದ ಗಾಢತೆ ಬೇರೆಯೇ ಲೆಕ್ಕ: 3ನೇ ವರ್ಗದ ಮಸೂರ ಶೇ 8ರಿಂದ 18ರಷ್ಟು ಬೆಳಕು ಬಿಡುತ್ತದೆ, 2ನೇ ವರ್ಗ ಶೇ 18ರಿಂದ 43. ಕಡಲತೀರಕ್ಕಾದರೆ ಮೂರು ಸರಿ. ತೋಟದಲ್ಲಿ ಹತ್ತು ಹೆಜ್ಜೆಗೊಮ್ಮೆ ನೆರಳು, ಬಿಸಿಲು ಬದಲಾಗುತ್ತದೆ, ಅಲ್ಲಿ ಕಪ್ಪು ಮಸೂರ ಹಾಕಿಕೊಂಡವನು ಬೇರಿಗೆ ಎಡವುತ್ತಾನೆ. ಆದ್ದರಿಂದ 2ನೇ ವರ್ಗದ ಕಂದು ಬಣ್ಣ. ಹಸಿರಿನೊಳಗಿನ ವ್ಯತ್ಯಾಸ ಕಂದಿನಲ್ಲಿ ಚೆನ್ನಾಗಿ ತೋರುತ್ತದೆ. ಗಾಜಿನ ಬದಲು ಸಿಆರ್-39 ಎಂಬ ರಾಳ, ತೂಕ ಗಾಜಿನ ಅರ್ಧದಷ್ಟು. ಅಂಚು ಕೊರೆಸಲು ಹಾಸನಕ್ಕೆ ಹೋಗಿದ್ದೆ. ಯಂತ್ರ ಮರದ ಸುತ್ತನ್ನು ತಡವಿ ಅಳತೆ ತೆಗೆದುಕೊಂಡಿತು, ಮಸೂರ ಚಿಟ್ ಎಂದು ಕೂತಿತು.

ಮೂಗಿನ ಪಟ್ಟಿಯನ್ನು ಮಾತ್ರ ಅಪ್ಪನ ಮೂಗಿಗೆ ಮೇಣ ಒತ್ತಿ ಅಚ್ಚು ತೆಗೆದು ಕೆತ್ತಿದ್ದೇನೆ. ಯುರೋಪಿನ ಅಳತೆಯ ಫ್ರೇಮುಗಳು ನಮ್ಮ ಮನೆಯವರ ಮೂಗಿನಿಂದ ಜಾರುತ್ತಲೇ ಇರುತ್ತವೆ. ಇದು ಜಾರುತ್ತಿಲ್ಲ.

ಬೆಂಗಳೂರಿನ ಪರಿಚಿತರೊಬ್ಬರು ಚಿತ್ರ ನೋಡಿ ಬೆಲೆ ಕೇಳಿದರು. ನೂರು ಮಾಡಿ ನಂಬರ್ ಹಾಕಿ, ಲಿಮಿಟೆಡ್ ಎಡಿಷನ್ ಎನ್ನಿ ಎಂಬ ಸಲಹೆಯನ್ನೂ ಕೊಟ್ಟರು. ನೂರಕ್ಕೇ ಏಕೆ ನಿಲ್ಲಬೇಕು ಎಂಬುದಕ್ಕೆ ಅವರಲ್ಲಿ ಕಾರಣವಿರಲಿಲ್ಲ. ನನ್ನ ಲೆಕ್ಕ ಬೊಡ್ಡೆಯದು: ಗೆರೆಯಿರುವ, ಬಿರುಕಿಲ್ಲದ ಹೊರಹಾಳೆ ಒಂದು ಬೊಡ್ಡೆಯಲ್ಲಿ ಮೂರು, ಹೆಚ್ಚೆಂದರೆ ನಾಲ್ಕು ಸಿಗುತ್ತದೆ. ಅದು ಮುಗಿದರೆ ಮುಂದಿನ ಮಾರ್ಚ್‌ವರೆಗೆ ಕಾಯಬೇಕು. ಚಿಕ್ಕಪ್ಪನ ತೋಟದಲ್ಲಿ ಬೋರರ್ ಕಡಿಮೆಯಾದರೆ ಕನ್ನಡಕವೂ ಕಡಿಮೆ, ಅದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಜಪಾನಿನ ಫುಕುಯಿ ಸೀಮೆಯಲ್ಲಿ 1905ರಲ್ಲಿ ಮಸುನಾಗ ಗೊಜಾಎಮೊನ್ ಎಂಬಾತ ಹಿಮ ಬಿದ್ದು ಕೆಲಸವಿಲ್ಲದ ತಿಂಗಳುಗಳಿಗೆಂದು ರೈತರಿಗೆ ಕನ್ನಡಕದ ಕಸುಬು ಕಲಿಸುವ ಏರ್ಪಾಡು ಮಾಡಿದ. ಅಲ್ಲಿನ ಸಬಾಎ ಪಟ್ಟಣ ಇಂದಿಗೂ ಒಳ್ಳೆಯ ಫ್ರೇಮುಗಳಿಗೆ ಹೆಸರುವಾಸಿ. ಮಲೆನಾಡಿನ ಜುಲೈ, ಆಗಸ್ಟ್ ತಿಂಗಳುಗಳೂ ಒಳಗೆ ಕುಳಿತು ಮಾಡುವ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ.

ಅದೇ ಮಳೆ ಈಗ ಪರೀಕ್ಷಕ. ಅರಗಿನ ಪಾಲಿಶ್ ಹಾಕಿದ ತುಂಡು ತೇವಕ್ಕೆ ಬಿಳಿಚಿಕೊಂಡಿದೆ, ಅದನ್ನು ಕೈಬಿಟ್ಟೆ. ಕುದಿಸಿದ ಅಗಸೆ ಎಣ್ಣೆ ಮತ್ತು ಜೇನುಮೇಣ ಹಚ್ಚಿದ ತುಂಡು ಚೆನ್ನಾಗಿದೆ, ಆದರೆ ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಪಾಲಿಯುರಿಥೇನ್ ಗಟ್ಟಿ, ಕೈಗೆ ಮಾತ್ರ ಪ್ಲಾಸ್ಟಿಕ್ ಅನ್ನಿಸುತ್ತದೆ. ಚರ್ಮಕ್ಕೆ ತಾಗುವ ಒಳಮೈಗೆ ಪಾಲಿಯುರಿಥೇನ್, ಹೊರಗೆ ಎಣ್ಣೆ ಎಂಬ ಏರ್ಪಾಡಿನ ಕಡೆಗೆ ಒಲವಿದೆ. ಮೂರೂ ತುಂಡುಗಳು ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ನೇತಾಡುತ್ತಿವೆ. ಆಗಸ್ಟ್ ಕೊನೆಯಲ್ಲಿ ಪದರ ಬಿಟ್ಟಿದೆಯೇ ಎಂದು ನೋಡಿ ಲೇಪ ತೀರ್ಮಾನಿಸುತ್ತೇನೆ. ಎರಡನೇ ಜೋಡಿಗೆ ಹಾಳೆಗಳನ್ನು ಆಗಲೇ ಆರಿಸಿಟ್ಟಿದ್ದೇನೆ. ಅದರಲ್ಲಿ ಗೆರೆ ಬಲಗಡೆ ಬರುತ್ತದೆ, ಕೀಲನ್ನು ಏಳು ಹಲ್ಲಿನದಾಗಿ ಮಾಡಿ ನೋಡೋಣ ಎಂದು ಆಚಾರರು ಹೇಳಿದ್ದಾರೆ.